ಕೈ ತೋರಿಸು

ಪ್ರಾರ್ಥನೆಯ ಸಾಲಿನಲ್ಲೇ ವಾಂತಿ ಮಾಡಿಕೊಂಡ ಮನ್ವಿತ,
ನಾಲ್ಕನೇ ಕ್ಲಾಸು, ಹಾಜರಿ ನಂಬರು ಒಂಬತ್ತು.
ಶ್ರಾವಣದ ಸೋಮವಾರ. ಬೆಟ್ಟದಪುರದ ಬೆಟ್ಟ
ಇನ್ನೂ ಮಂಜಿನೊಳಗೇ ಮಲಗಿತ್ತು.
ಅನ್ನವಲ್ಲ, ರೊಟ್ಟಿಯಲ್ಲ,
ಬರೀ ಹಳದಿ ನೀರು.

ಹತ್ತಿರ ಹೋದೆ. ಕಣ್ಣಿಗಿಂತ ಮೊದಲು ಮೂಗು ಹೇಳಿತು:
ಹೊಗೆಸೊಪ್ಪು.
ಅಂಗಿಯಲ್ಲಿ, ಕೂದಲಲ್ಲಿ, ಉಗುರಿನ ಸಂದಿಯಲ್ಲಿ.
"ಕೈ ತೋರಿಸು" ಅಂದೆ.
ಅಂಗೈ ಕಪ್ಪಗೆ,
ಬೆರಳಿಗೆ ಬೆರಳು ಅಂಟುವಷ್ಟು ಮೇಣ.

"ಎಷ್ಟು ದಿನದಿಂದ? ಯಾರು ಕೊಟ್ಟದ್ದು?
ಸಣ್ಣಸ್ವಾಮಿ ಅಂಗಡಿಯದಾ?"
ಒಂಬತ್ತು ವರ್ಷದ ಹುಡುಗನನ್ನು
ಕಳ್ಳನನ್ನು ಕೇಳುವ ಹಾಗೆ ಕೇಳಿದೆ.
ಸ್ಕೇಲು ಕೈಯಲ್ಲೇ ಇತ್ತು. ಸುಳ್ಳು ಯಾಕೆ, ಹೊಡೆದೆ.
ಒಂದೇ ಏಟು.
ಅಂಗೈಯ ಅಂಟು ಸ್ಕೇಲನ್ನು
ಒಂದು ಗಳಿಗೆ ಬಿಡದೆ ಹಿಡಿದುಕೊಂಡಿತು.

"ಸೇದಿಲ್ಲ ಮಿಸ್ಸು" ಅಂದ.
"ಸೊಪ್ಪು ಮುರ್ದೆ. ಐದ್ ಗಂಟೆಗೇ ಎಬ್ಬುಸ್ತು ಅಜ್ಜಿ.
ಇಬ್ಬನೀಲಿ ಮೈಯೆಲ್ಲ ನೆಂದೋಯ್ತು.
ಆಮೇಲೆ ತಲೆ ಗಿರ್ ಅಂತು."

ನಮ್ಮ ಶಾಲೆಯ ಗೇಟಿನಿಂದ ನೂರು ಗಜಕ್ಕೆ
ಒಂದು ಹಳದಿ ಗೆರೆಯಿದೆ. ಎಳೆಸಿದವಳು ನಾನೇ,
ಟೇಪಿನ ಆ ತುದಿಗೆ ಎಸ್‌ಡಿಎಂಸಿ ಅಧ್ಯಕ್ಷರನ್ನು ನಿಲ್ಲಿಸಿ.
ಗೆರೆಯೊಳಗೆ ಬೀಡಿಯಿಲ್ಲ, ಗುಟ್ಕಾ ಇಲ್ಲ.
ಸಣ್ಣಸ್ವಾಮಿ ಗೂಡಂಗಡಿಯನ್ನೇ ಎತ್ತಿಕೊಂಡು
ಅರಳೀಕಟ್ಟೆಯ ಆಚೆಗೆ ಹೋದ,
ಮೂರು ತಿಂಗಳು ನನ್ನೊಡನೆ ಮಾತು ಬಿಟ್ಟ.
ಕಾಂಪೌಂಡಿನ ಮೇಲೆ ಕಡುನೀಲಿ ಅಕ್ಷರ:
ತಂಬಾಕು ಮುಕ್ತ ಶಾಲೆ.
ಅದೇ ಕಾಂಪೌಂಡಿನ ಹಿಂಬದಿ, ಹನ್ನೊಂದೇ ಹೆಜ್ಜೆಗೆ,
ಎದೆಯುದ್ದ ಹೊಗೆಸೊಪ್ಪು.
ಟೇಪನ್ನು ನಾನು ಬೀದಿಯ ಕಡೆಗೆ ಎಳೆದಿದ್ದೆ.
ಹೊಲದ ಕಡೆಗಲ್ಲ.

ಸಂಜೆ ಅವರ ಮನೆಗೆ ಹೋದೆ.
ಬ್ಯಾರನ್ನಿನ ಮುಂದಿನ ಚಪ್ಪರದಲ್ಲಿ
ಐದಾರು ಜನ ಕೂತು ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದರು.
ದೊಡ್ಡತಾಯಮ್ಮ ಹುಣಸೆಹಣ್ಣು ತಿಕ್ಕಿ ತಿಕ್ಕಿ
ಮೊಮ್ಮಗನ ಕೈ ತೊಳೆಯುತ್ತಿದ್ದಳು.
"ಬುಡಿ ಮಿಸ್ಸೆ, ಅದೇನ್ ಬೀಡಿಯಾ?
ಎಲೆ ತಾನೆ, ಹಸ್ರೆಲೆ.
ನಾವೂ ಮುರುದ್ವು ಐಕಳಾಗಿದ್ದಾಗ.
ಕಕ್ಕುದ್ವು. ಸತ್ತೋದ್ವಾ?"

ತಿಳಿದಷ್ಟು ಹೇಳಿದೆ.
ಎಲೆಯ ನಂಜು ಇಬ್ಬನಿಯಲ್ಲಿ ಇಳಿಯುತ್ತದೆ,
ಇಬ್ಬನಿಯನ್ನು ಚರ್ಮ ಕುಡಿಯುತ್ತದೆ,
ಎಳೆ ಮೈಗೆ ತಡೆಯುವ ತ್ರಾಣ ಎಲ್ಲಿಯದು,
ಬಾಯಿಗಿಡದೆಯೂ ಮಗು ಸೇದಿಬಿಡುತ್ತದೆ, ತಾಯಿ.

ಅವಳ ಕೈ ನಿಂತಿತು.
ಮೊಮ್ಮಗನದ್ದು ಬಿಟ್ಟು ತನ್ನದನ್ನು ನೋಡಿಕೊಂಡಳು,
ಅರವತ್ತು ವರ್ಷದ ಆ ಅಂಗೈಯನ್ನು
ಯಾರೋ ಮರೆತು ಹೋದ ಸಾಮಾನಿನ ಹಾಗೆ.

"ಸರಿ, ಇಬ್ಬನಿ ಆರುದ್ಮೇಲೆ ಕಳುಸ್ತೀನಿ."
"ಆರಿದ ಮೇಲೂ ಬೇಡ. ಮುಟ್ಟುವುದೇ ಬೇಡ."
"ಆಳ್ಗೆ ಐನೂರು. ಅದೂ ಸಿಕ್ಕುದ್ರೆ."
ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.
ನನಗೊಂದು ಲೋಟ ಕಾಫಿ ಬಂತು.
ನಮ್ಮ ಶಾಲೆಯ ಗೋಡೆ ಗಡಿಯಾರ, ಎರಡು ಫ್ಯಾನು,
ಆಗಸ್ಟ್ ಹದಿನೈದರ ಲಾಡು,
ಎಲ್ಲವೂ ಇಂಥ ಚಪ್ಪರಗಳದ್ದೇ ದುಡ್ಡು.
ಕುಡಿದೆ. ಸಕ್ಕರೆ ಜಾಸ್ತಿಯಿತ್ತು.

ಹೊರಡುವಾಗ ಹುಡುಗ ತಿಟ್ಟಿನವರೆಗೆ ಬಂದ.
ತಪ್ಪಾಯ್ತು ಕಣೋ, ಅನ್ನಬೇಕಿತ್ತು.
ಗಂಟಲವರೆಗೆ ಬಂದಿತ್ತು.
"ಏಳರ ಮಗ್ಗಿ ಕಲಿತು ಬಾ" ಅಂದೆ.

ಈಗ ದಿನಾ ನಾಡಗೀತೆ ಮುಗಿದ ಮೇಲೆ
"ಕೈ ತೋರಿಸಿ" ಅನ್ನುತ್ತೇನೆ.
ಸ್ಕೇಲು ಬೀರುವಿನಲ್ಲಿದೆ.
ಇಪ್ಪತ್ತೆಂಟು ಮಕ್ಕಳು, ಐವತ್ತಾರು ಅಂಗೈ,
ಬಿಸಿಲಿಗೆ ಒಣಹಾಕಿದ ಹಾಗೆ.
ಮೊನ್ನೆ ಏಳು ಜೊತೆ ಕಪ್ಪು. ನಿನ್ನೆ ನಾಲ್ಕು.
ಕಪ್ಪು ಕಂಡ ಮನೆಗೆ ಸಂಜೆ ಹೋಗುತ್ತೇನೆ,
ಊರಿಡೀ ಕಾಫಿ ಕುಡಿದು ನಿದ್ದೆ ಬರುವುದಿಲ್ಲ.
ಮನ್ವಿತನ ಕೈ ಬೆಳ್ಳಗಿದೆ, ಸೋಪಿನ ವಾಸನೆ.

ಇವತ್ತು ಮೂರು ಎಂದು ಬರೆದುಕೊಂಡು
ತಲೆಯೆತ್ತಿದರೆ
ಒಂದನೇ ಕ್ಲಾಸಿನ ಸಾಲಿನ ತುದಿಯಲ್ಲಿ
ಅವನ ತಂಗಿ ಇಂಚರ
ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು
ನನ್ನನ್ನಲ್ಲ,
ಅಣ್ಣನನ್ನು ನೋಡುತ್ತಿದ್ದಾಳೆ.