ಆತಿಥೇಯ

ಮಲ್ಪೆಯಲ್ಲಿ ಬೂತಾಯಿ ಬಲೆ ಹೊಲಿದ ಕೈ ಇದು.
ಈಗ ಸೋಮೇಶ್ವರದ ಕಾಡಿನಲ್ಲಿ, ಬೆಳಗಿನ ಆರೂವರೆಗೆ,
ಹಕ್ಕಿ ಬಿಡಿಸುತ್ತದೆ:
ಮೊದಲು ಕಾಲು, ಆಮೇಲೆ ರೆಕ್ಕೆ, ಕೊನೆಗೆ ಕುತ್ತಿಗೆ.
ಮೀನಿಗಾದರೆ ಇಷ್ಟು ನಯ ಬೇಕಿರಲಿಲ್ಲ.

ಇವತ್ತಿನದು ನವರಂಗ.
ಬಡಗಲ ಚಳಿಗೆ ಹೆದರಿ ಇಳಿದು ಬಂದದ್ದು.
ಮುಷ್ಟಿಯೊಳಗೆ ಅದರ ಎದೆ
ದಡ ಬಿಡುವ ದೋಣಿಯ ಇಂಜಿನು.
ಕಣ್ಣಿನ ಅಂಚಿಗೆ, ಕೊಕ್ಕು ಎಟುಕದಲ್ಲೇ,
ಬೂದು ಮಣಿ ನಾಲ್ಕು.

"ಉಣುಗು" ಅಂದ ಬೊಗ್ರ, ಎತ್ತಲೋ ನೋಡುತ್ತ.
ಅವನ ತಮ್ಮ ಮಂಗನ ಕಾಯಿಲೆಯಲ್ಲಿ
ಹನ್ನೆರಡು ದಿನ ಮಣಿಪಾಲದಲ್ಲಿದ್ದ.
ಬಂದದ್ದು ಮಾತ್ರ ಆಂಬುಲೆನ್ಸಿನಲ್ಲಿ, ಮಲಗಿಕೊಂಡೇ.

"ಉಣ್ಣೆ" ಎಂದು ಬರೆದುಕೊಂಡರು ಆನ್ಸಿಲ್ಲಾ ಮೇಡಂ.
ಜೀವಮಾನದಲ್ಲಿ ಇದಕ್ಕೆ ಮೂರೇ ಊಟವಂತೆ.
ಆರು ಕಾಲಿನ ಮರಿಗೆ ಒಂದು,
ಎಂಟು ಕಾಲು ಮೂಡಿದ ಮೇಲೆ ಒಂದು,
ಮೊಟ್ಟೆಯ ಬಾಬ್ತು ಕೊನೆಯದು.
ಕಣ್ಣಿಲ್ಲ. ನಡುವಿನ ತಿಂಗಳೆಲ್ಲ
ಹುಲ್ಲಿನ ತುದಿಯಲ್ಲಿ ಮುಂಗಾಲು ಚಾಚಿ
ಯಾರದ್ದೋ ಉಸಿರಿಗೆ ಕಾಯುವುದು.

ಬೆಳಗಿಂದ ನನ್ನದೇ ಎರಡಾಗಿತ್ತು, ಚಾ ಬಿಟ್ಟು.

ಶಾಲೆಯಲ್ಲಿ ಕನ್ನಡ ಮಾಸ್ಟ್ರು ಬೆತ್ತ ಕುಟ್ಟಿ ಹೇಳಿಸಿದ್ದರು:
ಒಲ್ಲೆ ಅಂದರೆ ಬೇಡ, ಉಣ್ಣೆ ಅಂದರೆ ಉಣ್ಣುವುದಿಲ್ಲ.
ಅದೇ ಮಾತು ಇದರ ಹೆಸರು.
ಒಣ ಎಲೆಯಡಿ ಉಣ್ಣೆ, ಉಣ್ಣೆ ಎಂದು ಕೂತು
ಯಾವತ್ತೋ ಒಮ್ಮೆ
ತನ್ನ ನೂರು ಪಾಲು ಉಂಡುಬಿಡುವುದು.

ಚಿಮುಟವನ್ನು ಬುಡಕ್ಕೇ ಹಿಡಿಯಬೇಕು. ತಿರುಚಬಾರದು,
ಬಾಯಿ ಒಳಗೇ ಉಳಿದೀತು.
ಮೂರು ಬಂದವು.
ನಾಲ್ಕನೆಯದು ರೆಪ್ಪೆಗೇ ಕಚ್ಚಿತ್ತು.
"ಬಿಡು, ಕಣ್ಣು ಹೋದೀತು" ಅಂದರು ಮೇಡಂ.
ಅಂಗೈ ಬಿಚ್ಚಿದೆ.
ಹಸಿರು, ತುಂಡು ನೀಲಿ, ಹೊಟ್ಟೆಯಡಿಯ ಕೆಂಪು,
ಹಾರಿದ್ದು ಅಷ್ಟು ಬಣ್ಣ ಮಾತ್ರವಲ್ಲ.

ರಾತ್ರಿ ಕ್ವಾರ್ಟರ್ಸಿನಲ್ಲಿ ಕರೆಂಟಿಲ್ಲ.
ಮೈಗೆಲ್ಲ ಇಲಾಖೆಯ ಎಣ್ಣೆಯ ನಾತ.
ಟಾರ್ಚು ಬಾಯಲ್ಲಿ ಕಚ್ಚಿ ಹುಡುಕಿದೆ,
ಕಂಕುಳು, ಸೊಂಟದ ಲಾಡಿ, ಕಿವಿಯ ಹಿಂದೆ.
ಮೊಣಕಾಲ ಮಡಿಕೆಯಲ್ಲಿ ಸಿಕ್ಕಿತು,
ಎಳ್ಳಿನ ಸಿಪ್ಪೆಯಷ್ಟು, ಇನ್ನೂ ಚಪ್ಪಟೆ.
ಎಷ್ಟನೆಯ ಊಟಕ್ಕೆ ಹೊರಟಿತ್ತೋ.
ಒಂದು ಗಳಿಗೆ ಉಗುರ ಮೇಲೆ ನಡೆಯಬಿಟ್ಟೆ.

ಆಮೇಲೆ ಡಬ್ಬಿಗೆ ಹಾಕಿ, ಪುಸ್ತಕ ತೆರೆದು
ತಾರೀಕು, ಜಾಗ, ಸಂಖ್ಯೆ ಒಂದು.
ಆತಿಥೇಯ ಎಂಬ ಕಾಲಮಿನಲ್ಲಿ,
ನವರಂಗ, ನವರಂಗ, ಸಿಳ್ಳಾರ, ಕಾಡುಕೋಳಿಯ ಕೆಳಗೆ
ಬರೆದೆ:
ಜಲಜಾಕ್ಷಿ, ಮಲ್ಪೆ.