ಹೆಪ್ಪು

ಏಳನೇ ದಿಬ್ಬಕ್ಕೆ ನಾನು ಕಾವಲು.
ಕದಿಯಲು ಅಲ್ಲೇನಿದೆ ಅಂತ ಕೇಳಬೇಡಿ.
ತಾಮ್ರ ತೆಗೆದು, ತೊಳೆದು, ಬಸಿದು
ಉಳಿದ ಬೂದಿಬಣ್ಣದ ಹಿಟ್ಟು,
ಅರವತ್ತು ವರ್ಷದ ಹಿಟ್ಟು.
ಗಣಿಯವರು ಬೀಗ ಜಡಿದು ಹೋದಮೇಲೆ
ಬೇಲಿಯೂ ನಾನೂ ಉಳಿದೆವು.
ಬೇಲಿಯನ್ನು ಆಮೇಲೆ ಯಾರೋ ಕದ್ದರು.

ಸೆಪ್ಟೆಂಬರಿನ ಗಾಳಿಗೆ ಅದು ಎದ್ದು ಊರೊಳಗೆ ಬರುತ್ತಿತ್ತು,
ಹೇಳದೆ ಕೇಳದೆ.
ಶೀಮಾ ಮುದ್ದೆ ಹಲ್ಲಿಗೆ ಕರಕರ.
ಮಪಾಲೋ ಒಂದೇ ಚಿತೆಂಗೆಯನ್ನು
ದಿನಕ್ಕೆ ಮೂರು ಸಲ ಒಗೆದು
ಮೂರನೇ ಸಲ ದಿಬ್ಬದ ಕಡೆ ತಿರುಗಿ
ಸವತಿಯನ್ನು ಬೈದಂತೆ ಬೈಯುತ್ತಿದ್ದಳು.

ಚೋಲ್ವೆ ಬಂದದ್ದು ದಕ್ಷಿಣದಿಂದ,
ದನ ಸಾಕುವವರ ಸೀಮೆಯಿಂದ,
ಕೈಯಲ್ಲಿ ಚಮಚ, ಹೆಗಲಿಗೆ ಐಸ್‌ಪೆಟ್ಟಿಗೆ.
ಮೀನು ಮಾರುವವಳೆಂದುಕೊಂಡೆ.
ಇಲ್ಲಿ ಯಾರಾದರೂ ಇದ್ದಾರಾ? ಅಂದಳು.
ನಾನಿದ್ದೇನೆ ಅಂದೆ.
ನೀವಲ್ಲ ಶಿಕುಲು, ಇನ್ನೂ ಸಣ್ಣವರು.

ಇದ್ದರು.
ಹನ್ನೊಂದು ವರ್ಷ ನಾನು ಉಚ್ಚೆ ಹೊಯ್ದ ಮೂಲೆಯಲ್ಲೇ
ಎಲ್ಲಕ್ಕಿಂತ ಹೆಚ್ಚು ಇದ್ದರು.

ಮೊದಲು ಬಂದವರು ಕಬ್ಬಿಣ ಉಣ್ಣುವವರು,
ಗಂಧಕ ತಿಂದು ಹುಳಿ ಕಾರುವವರು.
ಹಳ್ಳದ ಆ ತುಕ್ಕುನೀರು ಅವರದೇ,
ಹೊಟ್ಟೆ ಮೇಲಾಗಿ ತೇಲಿದ ಮೀನು ಅವರ ಲೆಕ್ಕದ್ದೇ.
ಒಳ್ಳೆಯವರೇನಲ್ಲ ಅಂದಳು, ಕೆಟ್ಟವರೂ ಅಲ್ಲ,
ಹಸಿದವರು.
ನಾನು ಸುಮ್ಮನಾದೆ.
ಇದೇ ತಾಮ್ರಕ್ಕೆ ನನ್ನಪ್ಪ
ಕಸಾಮಾದಿಂದ ಸೈಕಲ್ಲು ತುಳಿದು ಬಂದದ್ದು
ಯಾವ ಒಳ್ಳೆಯತನಕ್ಕೆ?

ಆಮೇಲೆ ಕೊಳವೆಗೆ ಕಣ್ಣು ಹಚ್ಚಿಸಿದಳು.
ಹಸಿರು ನೂಲು. ಕೂದಲಿಗಿಂತ ಸಣ್ಣ, ಬಿಸಿಲುಂಡು ಬದುಕುವ ನೂಲು,
ಅಂಟು ಸುರಿಸುತ್ತ, ತೆವಳುತ್ತ
ಕಾಳಿಗೆ ಕಾಳು ಪೋಣಿಸುತ್ತಿತ್ತು ಕೂಲಿಯಿಲ್ಲದೆ.

ಹುತ್ತ ಒಡೆಯೋಣ ಅಂದಳು ಮರುದಿನ.
ನಮ್ಮಲ್ಲಿ ಹುತ್ತ ಮನೆಗಿಂತ ಎತ್ತರ,
ಬಸುರಿಯರು ಅದರ ಮಣ್ಣನ್ನು ಕೊಂಡು ತಿನ್ನುತ್ತಾರೆ.
ಎಷ್ಟು ಲಾರಿ ಬೇಕು? ಅಂದೆ.
ಲಾರಿಯಾ? ಹೆಪ್ಪಿಗೆ ಯಾರಾದರೂ ಕೊಡ ತರುತ್ತಾರಾ?
ನಮ್ಮಮ್ಮ ಸೋರೆಬುರುಡೆಯ ತಳದಲ್ಲಿ
ನಿನ್ನೆಯ ಹುಳಿ ಒಂದಿಷ್ಟು ಬಿಟ್ಟಿರುತ್ತಿದ್ದಳು,
ಅಷ್ಟಕ್ಕೇ ಬುರುಡೆ ತುಂಬ ಹಾಲು ಮಬಿಸಿಯಾಗುತ್ತಿತ್ತು.

ಹುತ್ತದ ಮಣ್ಣು, ಕೋಳಿಗೊಬ್ಬರ, ಒಂದು ಡ್ರಮ್ಮು ನೀರು.
ನಾತಕ್ಕೆ ನಾಯಿಯೂ ಹತ್ತಿರ ಸುಳಿಯಲಿಲ್ಲ.

ಆದರೆ ದಿಬ್ಬ ಹಾಲಲ್ಲ.
ಮೊದಲ ಮಳೆಗಾಲ ಎಲ್ಲವನ್ನೂ ತೊಳೆದುಕೊಂಡು ಹೋಯಿತು.
ಎರಡನೆಯದಕ್ಕೆ ಮುಂಚೆ
ದುಡ್ಡು ಕೊಡುತ್ತಿದ್ದ ಕಚೇರಿ ಮುಚ್ಚಿತು.
ಚೋಲ್ವೆ ಹೋದಳು, ಡ್ರಮ್ಮು ಬಿಟ್ಟು.
ಬೇರೆ ಕೆಲಸವೇನಿತ್ತು ನನಗೆ?
ಸಂಜೆಗೊಂದು ಮಗ್ಗು, ಅದೇ ಮೂಲೆಗೆ.
ಸವತಿಗೆ ಕುಡಿಸಿ ಬಂದೆಯಾ? ಅನ್ನುವಳು ಮಪಾಲೋ,
ಬಾಗಿಲಲ್ಲೇ ಕಾಲು ತೊಳೆಸುತ್ತ.

ಮೂರನೇ ವರ್ಷ, ಮಳೆ ನಿಂತ ಹದಿನೈದನೇ ದಿನ,
ಬೂದಿಯ ಮೇಲೆ ಕೆನೆ ಕಟ್ಟಿತ್ತು.
ಕರಿಹಸಿರು, ತೆಳು, ಸುಕ್ಕುಸುಕ್ಕು.
ಬಾಗಿ ಊದಿದೆ.
ಏಳಲಿಲ್ಲ.
ಹೊಟ್ಟೆಯುಬ್ಬಿಸಿ ಇನ್ನೊಮ್ಮೆ ಊದಿದೆ, ಮಕ್ಕಳ ಹಾಗೆ.
ಒಂದು ಕಾಳೂ ಏಳಲಿಲ್ಲ.

ಫೋನು ಮಾಡಿದೆ. ಎಷ್ಟಗಲ? ಅಂದಳು.
ಒಬ್ಬರು ಮಲಗುವ ಚಾಪೆಯಷ್ಟು.
ಆ ಕಡೆ ಬಹಳ ಹೊತ್ತು ಮಾತಿಲ್ಲ. ಬರೀ ಬಸ್ಸಿನ ಸದ್ದು.
ಆಮೇಲೆ: ಅಂಚಿನಿಂದ ಒಂದು ಚಮಚ ತೆಗೆದು
ಎರಡು ಹೆಜ್ಜೆ ಆಚೆ ಇಡಿ, ಶಿಕುಲು.
ಮನೆಯಲ್ಲಿ ಚಮಚ ಕಾಣೆಯಾಗಿದೆ.
ಯಾರೆಂದು ಮಪಾಲೋಗೆ ಗೊತ್ತು.

ಈ ವರ್ಷ ಚಾಪೆಯ ನಡುವೆ ಒಂದು ಗಿಡ,
ಮೊಣಕಾಲು ಮುಟ್ಟದ್ದು, ನೇರಳೆ ಹೂವಿನದು.
ಬಿಳಿಯರು ಇದೇ ಹೂವು ಅರಳಿದಲ್ಲಿ
ಇಲ್ಲಿ ಅಗೆಯಿರಿ ಅಂತ ಗೂಟ ಹೊಡೆದರಂತೆ,
ಅಪ್ಪ ಹೇಳುತ್ತಿದ್ದ.

ನಿನ್ನೆ ಬಂದಿದ್ದರು ಹೊಸ ಬೂಟಿನವರು,
ದಿಬ್ಬವನ್ನು ಮತ್ತೊಮ್ಮೆ ತೊಳೆದರೆ
ಇನ್ನೂ ಎಷ್ಟು ತಾಮ್ರ ಸಿಗಬಹುದೆಂದು ಅಳೆಯಲು.
ಹ್ಯಾಟು ಯಾಕೆ ನೆಲದ ಮೇಲೆ? ಅಂದ ಒಬ್ಬ.
ಬೆವರು ಆರಲಿ ಅಂತ, ಸಾರ್, ಅಂದೆ.
ಅವರು ಹೋಗುವವರೆಗೂ
ಬೋಳುತಲೆಯಲ್ಲೇ ನಿಂತಿದ್ದೆ
ಬಿಸಿಲಿಗೆ.