ಶಿರ್ದಾಕ್

ನಿನ್ನ ಕೆಂಪುಣ್ಣೆಯ ಮೇಲೆ ನನ್ನ ಕರಿಯುಣ್ಣೆ ಹಾಸಿ
ಒಂದೇ ಚೂರಿಯಲ್ಲಿ ಟಗರಿನ ಕೊಂಬು ಕೊರೆದೆವಲ್ಲ, ಬುರ್ಮಕಾನ್,
ನಿನ್ನ ಮೊಣಕಾಲು ಒತ್ತಿ ಹಿಡಿದಿತ್ತು, ನನ್ನ ಕೈ ಎಳೆದಿತ್ತು.
ನನ್ನ ಕೊಂಬು ನಿನ್ನ ಹಾಸಿನಲ್ಲಿ ಕೂತಿತು, ನಿನ್ನದು ನನ್ನದರಲ್ಲಿ;
ಎಳೆಯಷ್ಟೂ ಪೋಲಾಗಲಿಲ್ಲ.

ಒಡಹುಟ್ಟಿದವಳು ನರೀನ್ ಪೇಟೆಯಲ್ಲಿದ್ದಾಳೆ, ಹಬ್ಬಕ್ಕೆ ಫೋನು ಮಾಡುತ್ತಾಳೆ.
ನೀನೋ, ನನಗೆ ನೋವೆದ್ದ ರಾತ್ರಿ
ಕುದುರೆ ಸಿಗದೆ ಮಂಜು ತುಳಿದು ಬಂದವಳು,
ಬಂದವಳೇ ಬೈದವಳು,
ಒಲೆ ಆರಗೊಟ್ಟದ್ದಕ್ಕೆ.

ಈಗ ಎರಡು ಚಳಿಗಾಲ ಮಾತಿಲ್ಲ,
ಒಂದು ಕುಂಟು ಕುರಿಮರಿಯ ಲೆಕ್ಕಕ್ಕೆ.
ಅಕ್ಕತಂಗಿಯರೇ ಹೀಗೆ ಜಗಳಾಡುವುದು, ಅಂದಳು ಅತ್ತೆ.

ಹಾಸು ಬಿಡಿಸಿದರೆ ನಿನ್ನ ಕೆಂಪೇ ಎದ್ದು ಕೂರುತ್ತದೆ.
ನಿನ್ನ ಮನೆಯಲ್ಲೂ ನನ್ನ ಕರಿ ಬಿದ್ದಿರುತ್ತದೆ,
ಪೆಟ್ಟಿಗೆ ಇಟ್ಟು ಮುಚ್ಚಬೇಡ.
ತುಳಿ, ಪರವಾಗಿಲ್ಲ.
ಬರಿಗಾಲಲ್ಲಿ ತುಳಿ.